ಇರಬಾರದ ಪ್ರತಿಕಾಯ, ಬಾರದ ಪ್ರತಿಕಾಯ: ನಿರೋಧಕ ಶಕ್ತಿಯಿಲ್ಲದ ಇಲಿಗಳಲ್ಲಿ ದೋಷ ಹುಡುಕುವ ಬಗೆ

ರಕ್ತದಲ್ಲಿರುವ ಪ್ರತಿಕಾಯವನ್ನು ಬಣ್ಣದಿಂದ ಗುರುತಿಸುವ ಎಲೈಸಾ ಪರೀಕ್ಷೆಯ ತಟ್ಟೆಯಲ್ಲಿ ಕೊನೆಯ ಎರಡು ಸಾಲುಗಳು ಬಣ್ಣವಿಲ್ಲದೆ ಉಳಿಯಬೇಕಿತ್ತು. ಅಲ್ಲಿಗೆ ಹಾಕಿದ್ದು ರಾಗ್-2 ಜೀನನ್ನು ಕಿತ್ತುಹಾಕಿದ ಇಲಿಗಳ ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ. ಆ ಜೀನ್ ಇಲ್ಲದ ಇಲಿಯಲ್ಲಿ ಪ್ರತಿಕಾಯ ಮಾಡುವ ಬಲಿತ ಬಿ ಕೋಶವೂ ಇಲ್ಲ, ಅದಕ್ಕೆ ನೆರವಾಗುವ ಟಿ ಕೋಶವೂ ಇಲ್ಲ. ಪ್ರತಿಕಾಯ ತಯಾರಿಸಲು ಅಲ್ಲಿ ಯಾರೂ ಇಲ್ಲ. ಆದರೂ ಕೊನೆಯಲ್ಲಿ ಆಮ್ಲ ಬಿದ್ದ ಕೂಡಲೇ ಆರು ಗುಳಿಗಳು ಅರಿಶಿನದ ನೀರಿನಂತೆ ಹಳದಿಯಾದವು. ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದ ವಿದ್ಯಾರ್ಥಿನಿ, “ಸರ್, ತಳಿ ಕೆಟ್ಟಿದೆ ಅನಿಸುತ್ತದೆ, ಹೊಸ ಇಲಿ ತರಿಸಬೇಕು” ಎಂದಳು.

“ಎಷ್ಟು ವಾರದ ಇಲಿ?”

“ಐದು ವಾರ, ಸರ್.”

“ಐಜಿಎಂ ನೋಡಿದೆಯೇನಮ್ಮಾ?”

“ಇಲ್ಲ ಸರ್, ಐಜಿಜಿ ಒಂದೇ.”

ಐಜಿಎಂ, ಐಜಿಜಿ, ಐಜಿಎ ಎಲ್ಲ ಪ್ರತಿಕಾಯದ ಬಗೆಗಳು. ಮರುದಿನ ಅದೇ ಸೀರಂನಲ್ಲಿ ಐಜಿಎಂ ಹುಡುಕಿದಾಗ ಗುಳಿಗಳು ತಿಳಿನೀರಿನಂತೆಯೇ ಉಳಿದವು. ಪಂಜರದ ಚೀಟಿಯಲ್ಲಿ ತಾಯಿಯ ಹೆಸರಿನ ಮುಂದೆ ‘ಹೆಟ್’ ಎಂದು ಪೆನ್ಸಿಲಿನಲ್ಲಿ ಗೀಚಿತ್ತು. ಅಂದರೆ ತಾಯಿಗೆ ರಾಗ್-2 ಜೀನಿನ ಒಂದು ಒಳ್ಳೆಯ ಪ್ರತಿ ಇತ್ತು, ಅವಳ ನಿರೋಧಕ ವ್ಯವಸ್ಥೆ ಗಟ್ಟಿಯಾಗಿತ್ತು. ತಳಿ ಕೆಟ್ಟಿರಲಿಲ್ಲ. ಹಳದಿಯಾದ ಐಜಿಜಿ ಮರಿಯದಲ್ಲ, ತಾಯಿಯದು.

ಬೆಟ್ಟ ಅಗೆದು ಇಲಿ ಹಿಡಿಯುವ ಗಾದೆ ನಮ್ಮಲ್ಲಿ ತಲೆಕೆಳಗು. ಇಲಿ ಕೈಯಲ್ಲೇ ಇರುತ್ತದೆ, ನಾವು ಬೆಟ್ಟ ಅಗೆಯಲು ಹೊರಡುತ್ತೇವೆ. ನಿರೋಧಕ ಶಕ್ತಿಯಿಲ್ಲದ ಇಲಿಗಳ ಜೊತೆ ಕೆಲಸ ಮಾಡುವವರಿಗೆ ಎರಡು ಬಗೆಯ ತಲೆನೋವು ಬರುತ್ತದೆ: ಇರಬಾರದ ಕಡೆ ಪ್ರತಿಕಾಯ ಕಾಣುವುದು, ಮಾನವ ಕೋಶಗಳನ್ನು ನೆಲೆಗೊಳಿಸಿದ ಇಲಿಯಲ್ಲಿ ಬರಬೇಕಾದ ಪ್ರತಿಕಾಯ ಬಾರದಿರುವುದು. ಎರಡಕ್ಕೂ ನಾನು ಮೊದಲು ಕೇಳುವುದು ಒಂದೇ ಮಾತು: ಇದು ಯಾರ ಪ್ರತಿಕಾಯ?

ತಾಯಿಯಿಂದ ಬಂದದ್ದು

ಇಲಿಮರಿಗೆ ತಾಯಿಯ ಐಜಿಜಿ ಸ್ವಲ್ಪ ಗರ್ಭದಲ್ಲಿದ್ದಾಗ ಸಿಗುತ್ತದೆ, ಬಹುಪಾಲು ಹುಟ್ಟಿದ ಮೇಲೆ ಹಾಲಿನಲ್ಲಿ. ಹಾಲು ಕುಡಿಯುವ ಮರಿಯ ಕರುಳಿನ ಗೋಡೆಯಲ್ಲಿರುವ ಎಫ್‌ಸಿಆರ್‌ಎನ್ ಎಂಬ ಗ್ರಾಹಕ ಐಜಿಜಿಯನ್ನು ಹಿಡಿದು ರಕ್ತಕ್ಕೆ ದಾಟಿಸುತ್ತದೆ. ಐಜಿಎಂಗೆ ಆ ದೋಣಿಯಲ್ಲಿ ಜಾಗವಿಲ್ಲ. ಹಾಲಿನ ಐಜಿಎ ಕರುಳಿನಲ್ಲೇ ಉಳಿಯುತ್ತದೆ. ಹೀಗಾಗಿ ಎಳೆಯ ಇಲಿಯಲ್ಲಿ ಐಜಿಜಿ ಇದ್ದು ಐಜಿಎಂ ಇಲ್ಲವೆಂದರೆ ತಾಯಿಯ ಕಡೆ ನೋಡಬೇಕು. ತಾನೇ ತಯಾರಿಸುವ ಇಲಿ ಸಾಮಾನ್ಯವಾಗಿ ಐಜಿಎಂ ಬಿಟ್ಟು ಐಜಿಜಿಯನ್ನು ಮಾತ್ರ ತಯಾರಿಸುವುದಿಲ್ಲ. (ಇದಕ್ಕೊಂದು ಅಪವಾದವಿದೆ, ಮುಂದೆ ಬರುತ್ತದೆ.)

ಇದು ಎಷ್ಟು ದಿನ ಕಾಡುತ್ತದೆ ಎನ್ನುವುದನ್ನು ಜನ ಕಡಿಮೆ ಅಂದಾಜು ಮಾಡುತ್ತಾರೆ. ಇಲಿಯ ಐಜಿಜಿಯ ಅರ್ಧಾಯುಷ್ಯ ಉಪವರ್ಗಕ್ಕೆ ತಕ್ಕಂತೆ 4ರಿಂದ 8 ದಿನ. ಲೆಕ್ಕಕ್ಕೆ ಸುಲಭವಾಗಲಿ ಎಂದು ವಾರಕ್ಕೊಮ್ಮೆ ಅರ್ಧವಾಗುತ್ತದೆ ಎಂದುಕೊಳ್ಳಿ. ಮೂರನೇ ವಾರ ಹಾಲು ಬಿಡಿಸುವಾಗ ಮರಿಯ ಸೀರಂನಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇತ್ತೆನ್ನಿ. ಐದನೇ ವಾರಕ್ಕೆ 250 ಮೈಕ್ರೊಗ್ರಾಂ. ಹನ್ನೊಂದನೇ ವಾರಕ್ಕೂ ಸುಮಾರು 4 ಮೈಕ್ರೊಗ್ರಾಂ ಉಳಿದಿರುತ್ತದೆ. ಎಲೈಸಾ ಎಂದರೆ ನ್ಯಾನೊಗ್ರಾಂಗಳನ್ನೇ ಹಿಡಿಯುವ ಪರೀಕ್ಷೆ. ಅದರ ಕಣ್ಣಿಗೆ ಇದು ಬೇಕಾದಷ್ಟಾಯಿತು. ಅಲ್ಲದೆ ಸ್ವಂತ ಐಜಿಜಿ ಇಲ್ಲದ ಇಲಿಯಲ್ಲಿ ಎಫ್‌ಸಿಆರ್‌ಎನ್ ಗ್ರಾಹಕಕ್ಕೆ ಬೇರೆ ಗಿರಾಕಿಗಳಿಲ್ಲ. ಇರುವ ಅಲ್ಪಸ್ವಲ್ಪವನ್ನೇ ಅದು ಜೋಪಾನ ಮಾಡುವುದರಿಂದ ಇಳಿತ ಇನ್ನೂ ನಿಧಾನವಾಗಬಹುದು.

ತೀರ್ಮಾನಕ್ಕೆ ದುಬಾರಿ ಪರೀಕ್ಷೆಗಳೇನೂ ಬೇಡ. ಎರಡು ವಾರ ಬಿಟ್ಟು ಅದೇ ಇಲಿಯ ರಕ್ತವನ್ನು ಮತ್ತೊಮ್ಮೆ ತೆಗೆದು, ಹಳೆಯ ಮತ್ತು ಹೊಸ ಸೀರಂಗಳನ್ನು ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಹಾಕಿ. ಇಳಿದಿದ್ದರೆ ತಾಯಿಯದು, ಏರಿದ್ದರೆ ಇಲಿಯದೇ. ಒಂದೇ ತಟ್ಟೆಯಲ್ಲಿ ಎಂದು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಬೇರೆ ಬೇರೆ ದಿನ ಮಾಡಿದ ಎರಡು ಎಲೈಸಾಗಳ ನಡುವಿನ ವ್ಯತ್ಯಾಸವೇ ಕೆಲವೊಮ್ಮೆ ಎರಡು ಪಟ್ಟು ಇರುತ್ತದೆ. ನಮ್ಮ ಆರು ಇಲಿಗಳು ಹದಿನಾರನೇ ವಾರಕ್ಕೆ ಪೂರ್ತಿ ತಿಳಿಯಾದವು.

ಮುಂದಿನ ಸಲ ಇದು ಆಗಬಾರದೆಂದರೆ ನಿಯಂತ್ರಣ ಗುಂಪಿನ ಇಲಿಗಳನ್ನು ತಂದೆತಾಯಿ ಇಬ್ಬರೂ ಜೀನಿಲ್ಲದ ಜೋಡಿಯಿಂದಲೇ ಪಡೆಯಬೇಕು. ಸಾಕುತಾಯಿಯ ವಿಷಯವನ್ನೂ ಮರೆಯಬಾರದು. ಹೆತ್ತ ತಾಯಿ ಹಾಲೂಡಿಸದೆ ಮರಿಗಳನ್ನು ಸಾಮಾನ್ಯ ಇಲಿಯ ಮಡಿಲಿಗೆ ಹಾಕಿದ್ದರೆ ಲೆಕ್ಕವೆಲ್ಲ ಮೊದಲಿನಿಂದ. ಪ್ರಾಣಿಗೃಹದವರು ಇದನ್ನು ಉಪಕಾರವೆಂದೇ ಮಾಡಿರುತ್ತಾರೆ, ಚೀಟಿಯಲ್ಲಿ ಬರೆದಿರುವುದಿಲ್ಲ.

ತಟ್ಟೆಯೇ ಹೇಳಿದ ಸುಳ್ಳು

ನಿಜ ಹೇಳಬೇಕೆಂದರೆ ಇಲಿಯನ್ನು ಮುಟ್ಟುವ ಮೊದಲೇ ತಟ್ಟೆಯನ್ನು ಅನುಮಾನಿಸಬೇಕು. ಪ್ರತಿಜನಕ (ಪ್ರತಿಕಾಯ ಹಿಡಿದುಕೊಳ್ಳುವ ವಸ್ತು) ಹಾಕದ ಗುಳಿಗಳಿಗೂ ಅದೇ ಸೀರಂ ಹಾಕಿ ನೋಡಿ. ಅಲ್ಲೂ ಬಣ್ಣ ಬಂದರೆ ಸೀರಂನಲ್ಲಿರುವ ಏನೋ ಒಂದು ಪ್ಲಾಸ್ಟಿಕ್‌ಗೋ ಗುಳಿಯ ಖಾಲಿ ಜಾಗ ಮುಚ್ಚುವ ತಡೆದ್ರಾವಣಕ್ಕೋ ಅಂಟಿಕೊಳ್ಳುತ್ತಿದೆ. ಸೀರಂ ಹಾಕದ ಗುಳಿಯಲ್ಲೂ ಬಣ್ಣ ಬಂದರೆ ತೊಳೆಯುವುದು ಸಾಲದಾಗಿದೆ, ಅಥವಾ ಬಣ್ಣ ತರಿಸುವ ಎರಡನೆಯ ಪ್ರತಿಕಾಯ ನೇರವಾಗಿ ತಟ್ಟೆಗೆ ಕೂರುತ್ತಿದೆ.

ಇದಕ್ಕಿಂತ ಮೋಸದ್ದು ಹಿಂದೆ ಚುಚ್ಚಿದ ಪ್ರತಿಕಾಯ. ನಿರೋಧಕ ಶಕ್ತಿಯಿಲ್ಲದ ಇನ್ನೊಂದು ತಳಿಯಾದ ಸ್ಕಿಡ್ ಇಲಿಗಳಲ್ಲಿ ಉಳಿದಿರುವ, ಪರಕೀಯ ಕೋಶಗಳನ್ನು ಕೊಲ್ಲುವ ಎನ್‌ಕೆ ಕೋಶಗಳನ್ನು ಅಡಗಿಸಲು ಮೊಲದಲ್ಲಿ ತಯಾರಿಸಿದ ಏಸಿಯಾಲೊ-ಜಿಎಂ1 ವಿರೋಧಿ ಸೀರಂ ಕೊಡುವುದುಂಟು. ಹೆಗ್ಗಣದಲ್ಲಿ (ರ‍್ಯಾಟ್) ತಯಾರಾದ ಸಿಡಿ122 ವಿರೋಧಿ ಪ್ರತಿಕಾಯ ಕೊಡುವುದೂ ಉಂಟು; ಎರಡೂ ಆ ಕೋಶಗಳ ಮೇಲಿನ ಗುರುತುಗಳಿಗೆ ಅಂಟುತ್ತವೆ. ಅವು ವಾರಗಟ್ಟಲೆ ರಕ್ತದಲ್ಲಿ ತಿರುಗುತ್ತವೆ. ಇಲಿಯ ಐಜಿಜಿ ಹಿಡಿಯಲೆಂದು ನೀವು ಹಾಕಿದ ಎರಡನೆಯ ಪ್ರತಿಕಾಯ ಹೆಗ್ಗಣದ ಐಜಿಜಿಯನ್ನೂ ಚೆನ್ನಾಗಿಯೇ ಹಿಡಿಯುತ್ತದೆ, ಎರಡೂ ಅಷ್ಟು ಹತ್ತಿರದ ಸಂಬಂಧಿಗಳು. ಬೇರೆ ಪ್ರಾಣಿಗಳ ಐಜಿಜಿಗೆ ಅಂಟುವ ಭಾಗವನ್ನು ತೆಗೆದುಹಾಕಿದ ಎರಡನೆಯ ಪ್ರತಿಕಾಯವನ್ನೇ ಕೊಳ್ಳಿ. ನಾಲ್ಕು ಕಾಸು ಹೆಚ್ಚಾದರೂ ಅದು ಉಳಿಸುವ ಸಮಯ ದೊಡ್ಡದು.

ಸುಳ್ಳು ಹಳದಿಯ ಜೊತೆಗೆ ಸುಳ್ಳು ತಿಳಿಯೂ ಇದೆ. ಪ್ರಯೋಗಾಲಯದ ತಳಿಗಳಾದ ಸಿ57ಬಿಎಲ್/6 ಇಲಿಯಲ್ಲಿ, ಎನ್‌ಒಡಿ ಇಲಿಯಲ್ಲಿ ಐಜಿಜಿಯ ಒಂದು ಉಪವರ್ಗವಾದ ಐಜಿಜಿ2ಎಯ ಜೀನೇ ಇಲ್ಲ. ಅದರ ಜಾಗದಲ್ಲಿರುವುದು ಐಜಿಜಿ2ಸಿ. ಬಾಲ್ಬ್/ಸಿ ಎಂಬ ಬೇರೆ ತಳಿಯ ಇಲಿಗೆ ಹೊಂದುವ ಐಜಿಜಿ2ಎ ವಿರೋಧಿ ಪ್ರತಿಕಾಯವನ್ನೇ ಇವುಗಳ ಸೀರಂಗೂ ಬಳಸಿ, ‘ಈ ತಳಿಯಲ್ಲಿ ಆ ಬಗೆಯ ಪ್ರತಿಕ್ರಿಯೆ ಇಲ್ಲ’ ಎಂದು ಬರೆದುಬಿಟ್ಟವರು ಎಷ್ಟೋ ಜನ. ಈ ತಪ್ಪಿನ ಒಳಗೆ ಒಂದು ಉಪಕಾರವೂ ಅಡಗಿದೆ, ಅದನ್ನು ಸ್ಕಿಡ್ ಇಲಿಯ ಕಥೆಯಲ್ಲೇ ಹೇಳಬೇಕು.

ಸೋರುವ ತಳಿ

ಸ್ಕಿಡ್ ಇಲಿ ಕಣ್ಣಿಗೆ ಬಿದ್ದದ್ದೇ ಸೀರಂನಿಂದ. ಅಮೆರಿಕದ ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಲ್ಲಿ ಮೆಲ್ವಿನ್ ಬೋಸ್ಮಾ ಮತ್ತು ಸಂಗಡಿಗರು ಸಿ.ಬಿ-17 ಎಂಬ ತಳಿಯ ಕೆಲವು ಇಲಿಗಳ ಸೀರಂನಲ್ಲಿ ಪ್ರತಿಕಾಯವೇ ಇಲ್ಲದ್ದನ್ನು ಗಮನಿಸಿದರು, 1983ರಲ್ಲಿ ಪ್ರಕಟಿಸಿದರು. ಯಾರೂ ಜೀನ್ ತಿದ್ದಿರಲಿಲ್ಲ, ತಾನಾಗಿ ಆದ ಬದಲಾವಣೆ ಅದು. ಡಿಎನ್‌ಎ ಕತ್ತರಿಸಿದ ತುದಿಗಳನ್ನು ಮತ್ತೆ ಸೇರಿಸಲು ಬೇಕಾದ ಒಂದು ದೊಡ್ಡ ಕಿಣ್ವದ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, ಪ್ರೋಟೀನಿನ ಬಾಲದಲ್ಲಿ 83 ಅಮೈನೊ ಆಮ್ಲಗಳು ಕತ್ತರಿಸಿಹೋಗಿವೆ ಎಂಬುದು ಆಮೇಲೆ ತಿಳಿಯಿತು.

ದರ್ಜಿಯ ಅಂಗಡಿಯನ್ನು ನೆನೆಸಿಕೊಳ್ಳಿ. ಪ್ರತಿಕಾಯದ ಜೀನನ್ನು ತುಂಡುಗಳಿಂದ ಜೋಡಿಸಬೇಕು. ರಾಗ್ ಕಿಣ್ವ ಕತ್ತರಿ. ಸ್ಕಿಡ್‌ನಲ್ಲಿ ಕೆಟ್ಟಿರುವ ಕಿಣ್ವ ಸೂಜಿ. ರಾಗ್ ಇಲ್ಲದ ಇಲಿಯಲ್ಲಿ ಬಟ್ಟೆಗೆ ಕತ್ತರಿಯೇ ಬೀಳುವುದಿಲ್ಲ, ಹಾಗಾಗಿ ಅಂಗಿ ಎಂದೆಂದಿಗೂ ಹುಟ್ಟುವುದಿಲ್ಲ. ಸ್ಕಿಡ್‌ನಲ್ಲಿ ಬಟ್ಟೆ ಕತ್ತರಿಸಿ ಬಿದ್ದಿರುತ್ತದೆ. ಸೂಜಿ ಮೊಂಡಾಗಿದ್ದರೂ ಬೇರೆ ಯಾವುದೋ ದಾರಿಯಲ್ಲಿ ಅಪರೂಪಕ್ಕೊಂದು ಹೊಲಿಗೆ ಬಿದ್ದುಬಿಡುತ್ತದೆ. ಹಾಗೆ ದಾಟಿಕೊಂಡ ಬೆರಳೆಣಿಕೆಯ ಕೋಶಗಳೇ ಸೋರಿಕೆಯ, ಅಂದರೆ ಇರಬಾರದ ಪ್ರತಿಕಾಯ ಕಾಣಿಸಿಕೊಳ್ಳುವುದರ ಮೂಲ. ಎಳೆಯ ಸ್ಕಿಡ್ ಇಲಿಗಳಲ್ಲಿ ಕೆಲವು ಮಾತ್ರ ಸೋರುತ್ತವೆ; ವರ್ಷದ ಹತ್ತಿರ ಬಂದವುಗಳಲ್ಲಿ ಬಹುತೇಕ ಎಲ್ಲವೂ. ತಳಿಯ ಹಿನ್ನೆಲೆಯೂ ಲೆಕ್ಕಕ್ಕೆ ಬರುತ್ತದೆ: ಬಾಲ್ಬ್/ಸಿ ಮತ್ತು ಸಿ57ಬಿಎಲ್/6 ಹಿನ್ನೆಲೆಯಲ್ಲಿ ಸೋರಿಕೆ ಹೆಚ್ಚು, ಸಿ3ಎಚ್ ಮತ್ತು ಎನ್‌ಒಡಿ ಹಿನ್ನೆಲೆಯಲ್ಲಿ ಕಡಿಮೆ. ಇಲಿಗಳನ್ನು ಎಷ್ಟು ಶುಚಿಯಾಗಿ ಸಾಕಿದ್ದೀರಿ ಎನ್ನುವುದೂ ಅಷ್ಟೇ ಮುಖ್ಯ.

ಸೋರಿಕೆಯ ಪ್ರತಿಕಾಯಕ್ಕೆ ಒಂದು ಮುಖಚಹರೆ ಇದೆ. ಹುಟ್ಟಿದ್ದು ಕೆಲವೇ ಕೋಶಗಳಿಂದ, ಆದ್ದರಿಂದ ಸೀರಂ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿದರೆ ಸಾಮಾನ್ಯ ಇಲಿಯ ಅಗಲವಾದ ಮಸುಕು ಪಟ್ಟೆಯ ಬದಲು ಒಂದೆರಡು ಕಿರಿದಾದ ಗೆರೆಗಳು ಕಾಣುತ್ತವೆ. ಅದೇ ಪಂಜರದ ಇನ್ನೊಂದು ಇಲಿಯಲ್ಲಿ ಗೆರೆಗಳು ಬೇರೆ ಜಾಗದಲ್ಲಿರುತ್ತವೆ. ತಾಯಿಯಿಂದ ಬಂದದ್ದಾದರೆ ಅಗಲ ಪಟ್ಟೆಯೇ, ಒಡಹುಟ್ಟಿದವರೆಲ್ಲರಲ್ಲೂ ಒಂದೇ ರೀತಿ. ಮುದಿ ತಾಯಿಯೇ ಸೋರುತ್ತಿದ್ದರೆ? ಆಗ ಅವಳ ಕಿರಿದಾದ ಗೆರೆಗಳೇ ಎಲ್ಲ ಮರಿಗಳಲ್ಲೂ ಮರುಕಳಿಸುತ್ತವೆ. ನಾನು ಸ್ಕಿಡ್ ತಾಯಂದಿರನ್ನು ಆರು ತಿಂಗಳಿಗೆ ನಿವೃತ್ತಿ ಮಾಡಿಸುವುದು ಇದಕ್ಕಾಗಿಯೇ.

ಈಗ ಹೇಳುತ್ತೇನೆಂದ ಉಪಕಾರದ ಮಾತು. ಸಿ.ಬಿ-17 ಎಂದರೆ ಬಾಲ್ಬ್/ಸಿ ಇಲಿಯ ಮೈ, ಆದರೆ ಪ್ರತಿಕಾಯದ ಭಾರಸರಪಳಿಯ (ಅದರ ಬಗೆಯನ್ನು ನಿರ್ಧರಿಸುವ ದೊಡ್ಡ ಭಾಗದ) ಜೀನ್ ಮಾತ್ರ ಸಿ57ಬಿಎಲ್ ವಂಶದಿಂದ ತಂದು ಕೂರಿಸಿದ್ದು. ಅಂದರೆ ಈ ಇಲಿ ಸೋರಿದರೆ ಬರುವುದು ‘ಬಿ’ ಬಗೆಯ ಪ್ರತಿಕಾಯ. ನೀವು ಬಾಲ್ಬ್/ಸಿ ಇಲಿಯ ಕೋಶಗಳನ್ನು ಅದಕ್ಕೆ ಕೊಟ್ಟು ಪ್ರಯೋಗ ಮಾಡುತ್ತಿದ್ದರೆ ಆ ಕೋಶಗಳು ತಯಾರಿಸುವುದು ‘ಎ’ ಬಗೆಯದು. ಎರಡನ್ನೂ ಬೇರೆಬೇರೆಯಾಗಿ ಗುರುತಿಸುವ ಪ್ರತಿಕಾಯಗಳು ಸಿಗುತ್ತವೆ. ಕೊಟ್ಟ ಕೋಶದ್ದೋ, ಇಲಿಯ ಸ್ವಂತದ್ದೋ ಎಂಬ ಜಗಳ ಒಂದೇ ಮಧ್ಯಾಹ್ನದಲ್ಲಿ ತೀರುತ್ತದೆ. ಇಂಥ ಸೌಲಭ್ಯವನ್ನು ಎಷ್ಟೋ ಮಂದಿ ಬಳಸುವುದೇ ಇಲ್ಲ, ತಳಿಯ ಹೆಸರನ್ನು ಬರೀ ಹೆಸರು ಎಂದುಕೊಂಡುಬಿಡುತ್ತಾರೆ.

ಕೋಶಗಳನ್ನು ಅವುಗಳ ಗುರುತುಗಳಿಂದ ಎಣಿಸುವ ಫ್ಲೋ ಸೈಟೋಮೆಟ್ರಿ ಮಾಡುವವರಿಗೆ ಒಂದು ಎಚ್ಚರಿಕೆ. ಸ್ಕಿಡ್ ಅಥವಾ ರಾಗ್ ಇಲಿಯ ಅಸ್ಥಿಮಜ್ಜೆಯಲ್ಲಿ ಬಿ220 ಗುರುತಿನ ಕೋಶಗಳು ಇದ್ದೇ ಇರುತ್ತವೆ. ಅವು ಜೋಡಣೆಯ ಹಂತದಲ್ಲೇ ನಿಂತುಹೋದ ಎಳೆಯ ಬಿ ಕೋಶಗಳು, ಸೋರಿಕೆಯಲ್ಲ. ಮೇಲ್ಮೈಯಲ್ಲಿ ಐಜಿಎಂ ಇರುವ ಕೋಶ ಸಿಕ್ಕಿದರೆ ಮಾತ್ರ ಗಾಬರಿಯಾಗಿ. ರಾಗ್ ಇಲಿಯಲ್ಲಿ ಅಂಥದ್ದು ಸಿಕ್ಕಿದರೆ ಸೋರಿಕೆ ಎನ್ನಬೇಡಿ, ಪಂಜರದಲ್ಲಿ ಬೇರೆ ಇಲಿ ಸೇರಿಕೊಂಡಿದೆ. ಬಾಲದ ತುಣುಕು ತೆಗೆದು ಪಿಸಿಆರ್ ಮಾಡಿ.

ಆಗಲೇ ಹೇಳಿದ ಅಪವಾದ ಮ್ಯೂಎಂಟಿ ಇಲಿ. 1991ರಲ್ಲಿ ಕಿತಾಮುರಾ, ರಯೆವ್ಸ್ಕಿ ಮೊದಲಾದವರು ಐಜಿಎಂ ಕೋಶದ ಪೊರೆಗೆ ಕಚ್ಚಿಕೊಳ್ಳುವ ತುದಿಯನ್ನು ಕೆಡಿಸಿ ಇದನ್ನು ರೂಪಿಸಿದರು. ‘ಬಿ ಕೋಶವಿಲ್ಲದ ಇಲಿ’ ಎಂದೇ ಇದರ ಖ್ಯಾತಿ. ಆದರೆ ಬಾಲ್ಬ್/ಸಿ ಹಿನ್ನೆಲೆಗೆ ತಂದಾಗ ಇದೇ ಇಲಿ ಐಜಿಎಂ ಇಲ್ಲದೆಯೇ ಐಜಿಜಿ, ಐಜಿಎಗಳನ್ನು ತಯಾರಿಸುತ್ತದೆ. ಸಿ57ಬಿಎಲ್/6 ಹಿನ್ನೆಲೆಯಲ್ಲಿ ಕೂಡ ಐಜಿಎ ಕಂಡದ್ದು 2001ರಲ್ಲಿ ವರದಿಯಾಯಿತು. ಆದ್ದರಿಂದ ಬಲಿತ ಮ್ಯೂಎಂಟಿ ಇಲಿಯಲ್ಲಿ ಐಜಿಎಂ ಇಲ್ಲದ ಐಜಿಜಿ ಕಂಡು ‘ತಾಯಿಯದು’ ಎಂದು ಕೈತೊಳೆದುಕೊಳ್ಳಬೇಡಿ. ಪ್ರತಿಕಾಯ ಒಂದಿಷ್ಟೂ ಇರಬಾರದು ಎಂಬ ಪ್ರಯೋಗಕ್ಕೆ ಭಾರಸರಪಳಿಯ ಜೆ ತುಂಡುಗಳನ್ನೇ ತೆಗೆದುಹಾಕಿದ ಇಲಿ ಒಳ್ಳೆಯದು.

ನ್ಯೂಡ್ ಇಲಿಯ ಬಗ್ಗೆ ಒಂದೇ ಮಾತು: ಅದಕ್ಕೆ ಕೂದಲಿಲ್ಲ, ಟಿ ಕೋಶಗಳು ಬಲಿಯುವ ಥೈಮಸ್ ಗ್ರಂಥಿ ಇಲ್ಲ, ಆದರೆ ಬಿ ಕೋಶ ಇದೆ. ಅದರಲ್ಲಿ ಐಜಿಎಂ ಕಂಡರೆ ದೋಷವಲ್ಲ.

ಬಾರದ ಐಜಿಜಿ

ಇನ್ನು ತದ್ವಿರುದ್ಧ ಸಮಸ್ಯೆ. ಎನ್‌ಎಸ್‌ಜಿ ಎಂದರೆ ನಮ್ಮವರಿಗೆ ಕರಿಬೆಕ್ಕು ಕಮಾಂಡೊಗಳ ನೆನಪು. ಇಲ್ಲಿ ಅದು ಬೆಕ್ಕಲ್ಲ, ಬಿಳಿ ಇಲಿ. ಎನ್‌ಒಡಿ ಹಿನ್ನೆಲೆ, ಸ್ಕಿಡ್ ದೋಷ, ಜೊತೆಗೆ ಹಲವು ಇಂಟರ್‌ಲ್ಯೂಕಿನ್‌ಗಳ (ಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನುಗಳ) ಗ್ರಾಹಕಗಳಿಗೆ ಬೇಕಾದ ಗಾಮಾ ಸರಪಳಿಯೂ ಇಲ್ಲ. ಬಿ, ಟಿ, ಎನ್‌ಕೆ ಮೂರೂ ಇಲ್ಲದ ಇದಕ್ಕೆ ಹೊಕ್ಕುಳಬಳ್ಳಿ ರಕ್ತದ ಸಿಡಿ34 ಕಾಂಡಕೋಶಗಳನ್ನು ಕೊಟ್ಟರೆ ಮಾನವ ಬಿ ಮತ್ತು ಟಿ ಕೋಶಗಳು ಬೆಳೆಯುತ್ತವೆ. ನಂತರ ಲಸಿಕೆ ಕೊಡುತ್ತೀರಿ. ಮಾನವ ಐಜಿಎಂ ಅಷ್ಟಿಷ್ಟು ಬರುತ್ತದೆ. ಐಜಿಜಿ ಬರುವುದಿಲ್ಲ, ಬಂದರೂ ಹೆಸರಿಗಷ್ಟೆ.

ಮೊದಲು ಕ್ಯಾಲೆಂಡರ್ ನೋಡಿ. ಬಿ ಕೋಶಗಳು ಬೇಗ ಬರುತ್ತವೆ. ಟಿ ಕೋಶಗಳು ರಕ್ತದಲ್ಲಿ ತಕ್ಕಮಟ್ಟಿಗೆ ಕಾಣಲು ಹನ್ನೆರಡು ವಾರಗಳಾದರೂ ಬೇಕು. ಎಂಟನೇ ವಾರಕ್ಕೆ ಲಸಿಕೆ ಕೊಟ್ಟು ಐಜಿಜಿ ಇಲ್ಲವೆಂದು ಅಳುವುದರಲ್ಲಿ ಅರ್ಥವಿಲ್ಲ. ಲಸಿಕೆಯ ಹಿಂದಿನ ದಿನ ಒಂದು ಹನಿ ರಕ್ತ ತೆಗೆದು ಮಾನವ ಬಿಳಿರಕ್ತಕೋಶಗಳ ಗುರುತಾದ ಸಿಡಿ45, ಬಿ ಕೋಶದ ಸಿಡಿ19, ಟಿ ಕೋಶದ ಸಿಡಿ3 ಮೂರನ್ನೂ ಎಣಿಸಿ. ಸಿಡಿ45 ಶೇ 25 ದಾಟಿದೆ ಎಂಬ ಒಂದೇ ಅಂಕಿಗೆ ಸಮಾಧಾನಪಡಬೇಡಿ, ಅದರಲ್ಲಿ ಮುಕ್ಕಾಲು ಪಾಲು ಬಿ ಕೋಶಗಳೇ ಇರಬಹುದು.

ಟಿ ಕೋಶಗಳಿದ್ದೂ ಐಜಿಜಿ ಬರದಿದ್ದರೆ ದೋಷ ನಿಮ್ಮ ಕೈಯದ್ದಲ್ಲ, ಇಲಿಯ ರಚನೆಯದ್ದು. ಐಜಿಎಂನಿಂದ ಐಜಿಜಿಗೆ ಹೊರಳಲು ಬಿ ಕೋಶಕ್ಕೆ ಟಿ ಕೋಶದ ನೆರವು ಬೇಕು. ಈ ಇಲಿಯಲ್ಲಿ ಮಾನವ ಟಿ ಕೋಶಗಳು ಕಲಿತದ್ದು ಇಲಿಯ ಥೈಮಸ್‌ನಲ್ಲಿ, ಇಲಿಯ ಗುರುತುಗಳ ಮೇಲೆ. ಎದುರಿಗೆ ಬರುವ ಬಿ ಕೋಶ ಪ್ರತಿಜನಕವನ್ನು ತೋರಿಸುವುದು ಮಾನವ ಕೋಶದ ಗುರುತಾದ ಎಚ್‌ಎಲ್‌ಎ ಎಂಬ ತಟ್ಟೆಯಲ್ಲಿಟ್ಟು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಮನೆಯಂತಾಗುತ್ತದೆ. ಅದರ ಮೇಲೆ ಗಾಮಾ ಸರಪಳಿ ಇಲ್ಲದ್ದರಿಂದ ದುಗ್ಧರಸ ಗ್ರಂಥಿಗಳೂ (ಲಿಂಫ್ ನೋಡ್) ಸರಿಯಾಗಿ ಬೆಳೆದಿರುವುದಿಲ್ಲ, ಅವರಿಬ್ಬರು ಭೇಟಿಯಾಗುವ ಜಗಲಿಯೇ ಇಲ್ಲ. ಚರ್ಮದಡಿ ಕೊಟ್ಟ ಲಸಿಕೆ ಹರಿದು ಸೇರಬೇಕಾದ ಗ್ರಂಥಿ ಇಲ್ಲದಿರುವಾಗ ಹೊಟ್ಟೆಯೊಳಗೆ ಕೊಟ್ಟು ಗುಲ್ಮಕ್ಕೆ ತಲುಪಿಸುವುದೇ ಜಾಣತನ.

ಇದಕ್ಕೆ ಪರಿಹಾರವೆಂದರೆ ತಳಿ ಬದಲಿಸುವುದು. ಎಚ್‌ಎಲ್‌ಎ-ಡಿಆರ್4 ಜೀನ್ ಸೇರಿಸಿದ ಡ್ರಾಗ್ ಇಲಿ, ಮಾನವ ಥೈಮಸ್ ಅಂಗಾಂಶವನ್ನೂ ಕಸಿ ಮಾಡಿದ ಬಿಎಲ್‌ಟಿ ಇಲಿ ಹಳೆಯ ದಾರಿಗಳು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಪಾವೊಲೊ ಕಸಾಲಿ ಅವರ ತಂಡ 2024ರಲ್ಲಿ ಪ್ರಕಟಿಸಿದ ಟಿಎಚ್‌ಎಕ್ಸ್ ಇಲಿಗೆ ಈಸ್ಟ್ರೋಜನ್ ಹಾರ್ಮೋನ್ ಕೊಟ್ಟು ಸಿದ್ಧಪಡಿಸುತ್ತಾರೆ. ಅದರಲ್ಲಿ ವರ್ಗ ಬದಲಿಸಿದ, ಪಕ್ವವಾದ ಮಾನವ ಪ್ರತಿಕಾಯಗಳು ಬಂದಿವೆ. ಇನ್ನೂ ನಾಲ್ಕು ಬೂಸ್ಟರ್ ಕೊಟ್ಟು ನೋಡೋಣ ಎನ್ನುವ ಹಟಕ್ಕಿಂತ ಇದು ಮೇಲು.

ಐಜಿಜಿ ಬಂದೇಬಿಟ್ಟಿತು ಎಂದು ಹಿಗ್ಗುವ ಮೊದಲು ಮತ್ತೆ ಅದೇ ಪ್ರಶ್ನೆ: ಯಾರದು? ಕಾಂಡಕೋಶಗಳ ಬದಲು ವಯಸ್ಕರ ರಕ್ತಕೋಶಗಳನ್ನೇ ನೇರವಾಗಿ ಕೊಟ್ಟಿದ್ದರೆ ಆ ದಾನಿಯ ಹಳೆಯ ಪ್ಲಾಸ್ಮಾ ಕೋಶಗಳು, ನೆನಪಿನ ಬಿ ಕೋಶಗಳು ಜೊತೆಗೇ ಬಂದಿರುತ್ತವೆ. ಯಾವ ಲಸಿಕೆ ಕೊಡದಿದ್ದರೂ ಮಾನವ ಐಜಿಜಿ ಏರುತ್ತದೆ. ಧನುರ್ವಾಯು ಲಸಿಕೆಗೆ ಪ್ರತಿಕ್ರಿಯೆ ಬಂತೆಂದು ಸಂಭ್ರಮಿಸಿದರೆ, ಬಾಲ್ಯದಲ್ಲೇ ಆ ಚುಚ್ಚುಮದ್ದು ತೆಗೆದುಕೊಂಡ ದಾನಿಯ ನೆನಪನ್ನು ಅಳೆದಿರುತ್ತೀರಿ ಅಷ್ಟೆ. ದಾನಿಯ ಮೈ ಎಂದೂ ಕಂಡಿರದ ಪ್ರತಿಜನಕ ಬೇಕು. ಸಮುದ್ರದ ಒಂದು ಬಗೆಯ ಬಸವನಹುಳುವಿನ ರಕ್ತದಿಂದ ತೆಗೆದ ಕೆಎಲ್‌ಎಚ್ ಪ್ರೋಟೀನ್ ಅದಕ್ಕೆಂದೇ ಇದೆ. ಲಸಿಕೆ ಕೊಡದ, ಅದೇ ದಾನಿಯ ಕೋಶಗಳನ್ನು ಹೊತ್ತ ಇಲಿಗಳ ಗುಂಪೊಂದು ಪಕ್ಕದಲ್ಲಿ ಇರಲೇಬೇಕು.

ಎಲೈಸಾದಲ್ಲಿ ಪ್ರತಿಕಾಯ ಚೆನ್ನಾಗಿದೆ, ಆದರೆ ಅದೇ ಸೀರಂ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಿಲ್ಲ ಎಂಬ ದೂರೂ ಬರುತ್ತದೆ. ಎನ್‌ಒಡಿ ವಂಶದ ಇಲಿಗಳಲ್ಲಿ ಪ್ರತಿಕಾಯ ಗುರುತಿಸಿದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಕಾಂಪ್ಲಿಮೆಂಟ್ ಎಂಬ ರಕ್ತದ ಪ್ರೋಟೀನುಗಳಲ್ಲಿ ಸಿ5 ಘಟಕ ಹುಟ್ಟಿನಿಂದಲೇ ಇಲ್ಲ. ಪ್ರತಿಕಾಯ ಗುರಿ ಹಿಡಿದರೂ ಗುಂಡಿಲ್ಲ. ಹೊರಗಿನಿಂದ ಕಾಂಪ್ಲಿಮೆಂಟ್ ಸೇರಿಸಿ ಪರೀಕ್ಷೆ ಮಾಡಿ.

ಕಾವಲು ಇಲಿ

ಕೊನೆಗೆ, ಪ್ರಾಣಿಗೃಹದ ಆರೋಗ್ಯ ವರದಿ. ಸೋಂಕು ಇದೆಯೇ ಎಂದು ತಿಳಿಯಲು ಕೊಠಡಿಯ ಇಲಿಗಳ ಸೀರಂನಲ್ಲಿ ಮೌಸ್ ಹೆಪಟೈಟಿಸ್ ವೈರಸ್ ಮೊದಲಾದವುಗಳ ವಿರುದ್ಧ ಪ್ರತಿಕಾಯ ಹುಡುಕುವುದು ವಾಡಿಕೆ. ಒಂದು ಕಡೆ ಎನ್‌ಎಸ್‌ಜಿ ಇಲಿಗಳ ಸೀರಂನ್ನೇ ಕಳುಹಿಸಿ, ಎಲ್ಲವೂ ನೆಗೆಟಿವ್ ಎಂಬ ಹಾಳೆಯನ್ನು ಬಾಗಿಲಿಗೆ ಅಂಟಿಸಿದ್ದನ್ನು ನಾನೇ ನೋಡಿದ್ದೇನೆ. ಪ್ರತಿಕಾಯವನ್ನೇ ತಯಾರಿಸಲಾರದ ಇಲಿ ಎಂಥ ಸೋಂಕಿನಲ್ಲಿ ಮುಳುಗಿದ್ದರೂ ನೆಗೆಟಿವ್ ಎಂದೇ ಹೇಳುತ್ತದೆ. ಆ ಕೊಠಡಿಗೆ ಆರೋಗ್ಯವಂತ ಸಾಮಾನ್ಯ ಇಲಿಗಳನ್ನು ಕಾವಲಿಗೆ ತಂದು, ಉಳಿದ ಪಂಜರಗಳ ಹಳೆಯ ಹಾಸಿನ ಪುಡಿಯನ್ನು ಪ್ರತಿ ಸಲ ಅವುಗಳ ಪಂಜರಕ್ಕೆ ಒಂದಿಷ್ಟು ಹಾಕಿ, ಆರೇಳು ವಾರ ಬಿಟ್ಟು ಅವುಗಳ ಸೀರಂ ಕಳುಹಿಸಬೇಕು. ಹಾಸಿನಿಂದ ಹರಡದ ಸೋಂಕುಗಳಿಗೆ ಎನ್‌ಎಸ್‌ಜಿ ಇಲಿಗಳ ಹಿಕ್ಕೆ ಮತ್ತು ತುಪ್ಪಳದ ಒರಸುಗಳ ಮೇಲೆಯೇ ಪಿಸಿಆರ್ ಆಗಬೇಕು. ಕಾವಲು ಇಲಿಗಳ ಪಂಜರಕ್ಕೆ ಬೇರೆ ಬಣ್ಣದ ಚೀಟಿ ಹಾಕಿ. ಸಾಕುತಾಯಿ ಬೇಕಾದಾಗ ಪ್ರಾಣಿಗೃಹದವರ ಕೈ ಮೊದಲು ಹೋಗುವುದು ಅವುಗಳ ಕಡೆಗೇ.